ರೊಟ್ಟಿ ಬಡಿಯುವಾಗ 139: ಅವ್ವನ ನಾಡಿ ಹಿಡಿಯಲು ಕಟ್ಟಿದ ಪೆಟ್ಟಿಗೆ

ಹೋದ ವರ್ಷ ತಂಗಿ ಅವ್ವನಿಗೆ ಒಂದು ಸ್ಮಾರ್ಟ್ ವಾಚ್ ತಂದುಕೊಟ್ಟಳು. ನಾವಿರುವುದು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ. ಒಂದು ತಿಂಗಳು ಎಲ್ಲ ಚೆನ್ನಾಗಿತ್ತು. ಒಂದು ದಿನ ಬೆಳಿಗ್ಗೆ ಅವ್ವ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು.

"ನೋಡೋ ತಮ್ಮಾ, ಇದು ನೂರಾ ಮೂವತ್ತೊಂಬತ್ತು ಅಂತ ತೋರಸಾಕತ್ತೈತಿ. ನನಗೇನಾಗೈತೋ?"

ನಾನು ಅವಳ ಮುಂಗೈ ಹಿಡಿದು, ಗೋಡೆ ಗಡಿಯಾರ ನೋಡುತ್ತ 15 ಸೆಕೆಂಡ್ ಎಣಿಸಿದೆ. 23 ಬಡಿತ. ನಾಲ್ಕರಿಂದ ಗುಣಿಸಿದರೆ 92. ವಾಚ್ ಇನ್ನೂ 131 ಅಂತಲೇ ಹೇಳುತ್ತಿತ್ತು. ಎರಡು ನಿಮಿಷ ಸುಮ್ನೆ ಕೂತ ಮೇಲೆ ಅದೂ 90ಕ್ಕೆ ಬಂತು.

ಅವತ್ತು ಸಂಜೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಇಸಿಜಿ ತೆಗೆದರು, ಬಿಪಿ ನೋಡಿದರು, ಎಲ್ಲ ಸರಿ ಇದೆ ಅಂದರು. ಆದರೂ ಅವ್ವನ ಹೆದರಿಕೆ ಹೋಗಲಿಲ್ಲ. ಒಂದು ರೊಟ್ಟಿ ಬಡಿಯುವುದು, ಕೈ ತಿರುಗಿಸಿ ವಾಚ್ ನೋಡುವುದು. ಮತ್ತೊಂದು ರೊಟ್ಟಿ, ಮತ್ತೆ ವಾಚ್. "ವಾಚ್ ಸುಳ್ಳು ಹೇಳ್ತದ ಬಿಡವ್ವ" ಅಂತ ನಾನು ಬಾಯಿಮಾತಲ್ಲಿ ಹೇಳಿದರೆ ಅವಳು ಹೇಗೆ ನಂಬುತ್ತಾಳೆ? ವಾಚ್ ಒಳಗೆ ನಿಜವಾಗಿ ಏನು ನಡೆಯುತ್ತದೆ ಅನ್ನುವುದನ್ನು ಕಣ್ಣಿಗೆ ಕಾಣುವ ಹಾಗೆ ಬರೆದು ತೋರಿಸಬೇಕು ಅನ್ನಿಸಿತು. ಆಗ ಶುರುವಾದ ಕೆಲಸ ಇದು. ಎರಡು ತಿಂಗಳು ಹಿಡಿಯಿತು.

ಮೊದಲು ವಾಚ್ ಕೆಲಸ ಮಾಡುವ ಬಗೆ. ಚಿಕ್ಕವರಿದ್ದಾಗ ಕರೆಂಟ್ ಹೋದರೆ ಬ್ಯಾಟರಿಯ ಬಾಯಿಗೆ ಬೆರಳು ಒತ್ತಿ ಹಿಡಿದು ಆಡುತ್ತಿದ್ದೆವು. ಬೆರಳು ಕೆಂಡದ ಹಾಗೆ ಕೆಂಪಾಗಿ ಕಾಣುತ್ತಿತ್ತು. ಬೆಳಕಿನಲ್ಲಿರುವ ಹಸಿರು, ನೀಲಿಯನ್ನು ರಕ್ತ ಹೀರಿಕೊಳ್ಳುತ್ತದೆ, ಕೆಂಪು ಮಾತ್ರ ಪಾರಾಗಿ ಬರುತ್ತದೆ. ವಾಚಿನ ಕೆಳಗೆ ಹಸಿರು ದೀಪ ಮಿನುಗುವುದು ಇದಕ್ಕೇ. ಹಸಿರು ಬೆಳಕು ಚರ್ಮದೊಳಗೆ ಆಳಕ್ಕೆ ಹೋಗುವುದಿಲ್ಲ, ಮೇಲುಮೇಲಿನ ಸಣ್ಣ ರಕ್ತನಾಳಗಳಲ್ಲೇ ಸುತ್ತಾಡಿ ವಾಪಸ್ ಬರುತ್ತದೆ. ಎದೆ ಒಂದು ಸಲ ಬಡಿದಾಗ ಆ ನಾಳಗಳು ಸ್ವಲ್ಪ ಉಬ್ಬುತ್ತವೆ, ರಕ್ತ ಜಾಸ್ತಿ ಆಗುತ್ತದೆ, ವಾಪಸ್ ಬರುವ ಬೆಳಕು ಒಂದು ಚೂರು ಕಡಿಮೆ ಆಗುತ್ತದೆ. ಪಕ್ಕದಲ್ಲೇ ಇರುವ ಫೋಟೋಡಯೋಡ್ ಅನ್ನುವ ಬೆಳಕಿನ ಕಣ್ಣು ಆ ಏರಿಳಿತವನ್ನು ಅಳೆಯುತ್ತದೆ. ಬೆಳಕಿನಿಂದ ಹೀಗೆ ಚರ್ಮದ ರಕ್ತ ಅಳೆಯುವುದು ಹಳೆಯ ವಿದ್ಯೆ. ಅಮೆರಿಕದ ಆಲ್ರಿಕ್ ಹರ್ಟ್ಜ್‌ಮನ್ 1930ರ ದಶಕದಲ್ಲೇ ಇದರ ಬಗ್ಗೆ ಪ್ರಬಂಧ ಬರೆದಿದ್ದ.

ಇಲ್ಲಿ ಗಮನಿಸಬೇಕಾದ್ದು ಆ 'ಒಂದು ಚೂರು'. ನನ್ನ ಬೆರಳಿನ ಮೇಲೆ ಸೆನ್ಸರ್ ಇಟ್ಟು ನೋಡಿದಾಗ ಒಟ್ಟು ಬೆಳಕಿನ ಲೆಕ್ಕ 1,10,000ದ ಸುತ್ತಮುತ್ತ ಇತ್ತು. ನಾಡಿಯಿಂದ ಆಗುವ ಏರಿಳಿತ ಬರೀ 1,200. ಅಂದರೆ ನೂರಕ್ಕೆ ಒಂದು. ಮಿಕ್ಕ 99 ಭಾಗ ಚರ್ಮ, ಎಲುಬು, ಅಲ್ಲಾಡದ ರಕ್ತ ಇವುಗಳಿಂದ ಬಂದ ಬೆಳಕು. ನಾವು ಹುಡುಕುವುದು ಆ ಒಂದು ಭಾಗವನ್ನು.

ಸಾಮಾನು ಜಾಸ್ತಿ ಏನಿಲ್ಲ. ಇಎಸ್‌ಪಿ32 ಬೋರ್ಡ್ ಅನ್ನುವ ಪುಟ್ಟ ಕಂಪ್ಯೂಟರ್, ಬೆಳಕಿನಿಂದ ನಾಡಿ ನೋಡುವ ಮ್ಯಾಕ್ಸ್30102 ಸೆನ್ಸರ್, ಕೈಯ ಅಲುಗಾಟ ಅಳೆಯಲು ಎಂಪಿಯು6050, ಬರೆದಿಡಲು ಮೆಮೊರಿ ಕಾರ್ಡ್ ಮಾಡ್ಯೂಲ್, ಕರೆಂಟಿಗೆ ಮನೆಯಲ್ಲಿದ್ದ ಪವರ್ ಬ್ಯಾಂಕ್. ಸೆನ್ಸರನ್ನು ಕೈಗೆ ಕಟ್ಟಲು ಕ್ರೇಪ್ ಬ್ಯಾಂಡೇಜ್, ಹೊರಗಿನ ಬೆಳಕು ತಡೆಯಲು ಅದರ ಮೇಲೊಂದು ಕರಿ ಬಟ್ಟೆ.

ಮೊದಲ ವಾರ ಪೂರ್ತಿ ಒಂದೇ ದೋಷದ ಹಿಂದೆ ಕಳೆಯಿತು. ಇದೇ ಮಾಡ್ಯೂಲ್ ತರಿಸಿದವರಿಗೆ ಉಪಯೋಗ ಆಗಬಹುದು ಅಂತ ಬಿಡಿಸಿ ಬರೆಯುತ್ತೇನೆ. ಸೆನ್ಸರ್ ಐ2ಸಿ ತಂತಿಯಲ್ಲಿ, ಅಂದರೆ ಚಿಪ್ಪುಗಳು ಬೋರ್ಡಿನ ಜೊತೆ ಮಾತಾಡುವ ತಂತಿಯಲ್ಲಿ, ಹೆಕ್ಸ್ 57 ಅನ್ನುವ ವಿಳಾಸದಲ್ಲಿ ಸಿಗಬೇಕು. ಅದೊಂದನ್ನೇ ಜೋಡಿಸಿದರೆ ಸಿಗುತ್ತಲೇ ಇರಲಿಲ್ಲ. ಎಂಪಿಯು6050 ಜೊತೆ ಜೋಡಿಸಿದರೆ ಒಮ್ಮೆ ಸಿಗುತ್ತಿತ್ತು, ಒಮ್ಮೆ ಇಲ್ಲ. ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡ್ ಬದಲಿಸಿದೆ, ತಂತಿ ಬದಲಿಸಿದೆ. ಮುಟ್ಟಿದರೆ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಲೂಸ್ ಕನೆಕ್ಷನ್ ಅಂತಲೇ ನಾಲ್ಕು ದಿನ ನಂಬಿದ್ದೆ.

ಕೊನೆಗೆ ಮಲ್ಟಿಮೀಟರ್ ತೆಗೆದುಕೊಂಡು ಡೇಟಾ ತಂತಿಯ ವೋಲ್ಟೇಜ್ ಅಳೆದೆ. ಸೆನ್ಸರ್ ಒಂದೇ ಇದ್ದಾಗ 1.8 ವೋಲ್ಟ್. ಎರಡೂ ಇದ್ದಾಗ 2.5. ಆಗ ವಿಷಯ ಗೊತ್ತಾಯಿತು. ಈ ಚಿಪ್ಪಿನ ಒಳಕೆಲಸ ನಡೆಯುವುದು 1.8 ವೋಲ್ಟಿನಲ್ಲಿ. ಮಾಡ್ಯೂಲ್ ಮಾಡಿದವರು ತಂತಿಯನ್ನು ಮೇಲಕ್ಕೆ ಎಳೆದು ಹಿಡಿಯುವ ಪುಲ್‌ಅಪ್ ರೆಸಿಸ್ಟರುಗಳನ್ನೂ ಆ 1.8ಕ್ಕೇ ಕಟ್ಟಿದ್ದಾರೆ. 3.3 ವೋಲ್ಟಿನಲ್ಲಿ ಓಡುವ ಇಎಸ್‌ಪಿ32ಗೆ ತಂತಿ 'ಮೇಲೆ ಇದೆ' ಅಂತ ಖಾತ್ರಿ ಆಗಬೇಕಾದರೆ ಅದರ ಮುಕ್ಕಾಲು ಪಾಲು, ಅಂದರೆ ಸುಮಾರು 2.48 ವೋಲ್ಟ್ ಬೇಕು. 1.8 ಸಾಲುವುದೇ ಇಲ್ಲ. ಎಂಪಿಯು ಬೋರ್ಡಿನ ಪುಲ್‌ಅಪ್ 3.3ಕ್ಕೆ ಎಳೆಯುತ್ತದೆ, ಸೆನ್ಸರಿನದು 1.8ಕ್ಕೆ. ಎರಡೂ 4.7 ಕಿಲೋಓಮ್. ಹಗ್ಗ ಜಗ್ಗಾಟದಲ್ಲಿ ತಂತಿ ನಡುವೆ 2.55ರ ಹತ್ತಿರ ನಿಂತಿತ್ತು, ಸರಿಯಾಗಿ ಹೊಸ್ತಿಲ ಮೇಲೆ.

ಭೂತಗನ್ನಡಿಯಲ್ಲಿ ನೋಡಿದರೆ ಸೆನ್ಸರ್ ಪಕ್ಕದಲ್ಲೇ 472 (ಅಂದರೆ 4.7 ಕಿಲೋಓಮ್) ಅಂತ ಬರೆದ ಮೂರು ಸಾಸಿವೆಯಷ್ಟು ರೆಸಿಸ್ಟರುಗಳು. ಕಾವೇರಿದ ಸೋಲ್ಡರಿಂಗ್ ಕಡ್ಡಿಯ ತುದಿಗೆ ಸ್ವಲ್ಪ ಜಾಸ್ತಿ ಸೀಸ ಹಿಡಿಸಿ, ಒಂದೊಂದರ ಎರಡೂ ತುದಿ ಒಟ್ಟಿಗೆ ಕರಗುವ ಹಾಗೆ ಅಡ್ಡ ಇಟ್ಟು, ಮೆಲ್ಲಗೆ ಸರಿಸಿ ತೆಗೆದೆ. ಮೂರೂ ಹೋದ ಮೇಲೆ ಎಂಪಿಯು ಬೋರ್ಡಿನ ಪುಲ್‌ಅಪ್‌ಗಳೇ ಎರಡಕ್ಕೂ ಸಾಕಾದವು. ಚಿಪ್ಪಿನ ಈ ಕಾಲುಗಳು 3.3 ವೋಲ್ಟನ್ನು ತಡೆದುಕೊಳ್ಳುತ್ತವೆ, ಆ ಭಯ ಬೇಡ. ಆನ್ ಮಾಡಿದ ಕೂಡಲೇ 57 ಬಂತು. ಬೋರ್ಡ್ ಅಲ್ಲಾಡಿಸಿದೆ, ತಂತಿ ಜಗ್ಗಿದೆ, ಹೋಗಲಿಲ್ಲ. ಆ ರಾತ್ರಿ ಪರದೆಯ ಮೇಲೆ ನನ್ನ ಬೆರಳಿನ ನಾಡಿ ಮೊದಲ ಸಲ ಅಲೆಯಾಗಿ ಹರಿಯಿತು. ಚೂಪಾಗಿ ಏರಿ, ನಿಧಾನ ಇಳಿದು, ಇಳಿಯುವಾಗ ನಡುವೆ ಒಂದು ಸಣ್ಣ ಮೆಟ್ಟಿಲು. ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೋ.

ಬೆರಳಿನಲ್ಲಿ ಬಂದದ್ದು ಮುಂಗೈಯಲ್ಲಿ ಬರಲಿಲ್ಲ. ಏರಿಳಿತ 1,200ರಿಂದ 150ಕ್ಕೆ ಕುಸಿಯಿತು. ಮ್ಯಾಕ್ಸ್30102ರಲ್ಲಿ ಇರುವುದು ಕೆಂಪು ಮತ್ತು ಇನ್‌ಫ್ರಾರೆಡ್ ದೀಪಗಳು ಮಾತ್ರ, 660 ಮತ್ತು 880 ನ್ಯಾನೋಮೀಟರ್. ರಕ್ತದ ಆಕ್ಸಿಜನ್ ನೋಡಲು ಅವೇ ಬೇಕು, ಆದರೆ ಅವು ಆಳಕ್ಕೆ ಇಳಿಯುತ್ತವೆ, ಮುಂಗೈಯ ಸ್ನಾಯು, ನರ ಅಲ್ಲಾಡಿದ್ದನ್ನೆಲ್ಲ ಹೊತ್ತು ತರುತ್ತವೆ. ಅದೇ ಮನೆತನದ ಮ್ಯಾಕ್ಸ್30101ರಲ್ಲಿ ಹಸಿರು ದೀಪವೂ ಇದೆ. ವಿಳಾಸ ಅದೇ, ರಿಜಿಸ್ಟರುಗಳು, ಅಂದರೆ ಚಿಪ್ಪಿನ ಒಳಗೆ ಅಂಕಿ ಬರೆದಿಡುವ ಖಾನೆಗಳು, ಹೆಚ್ಚುಕಡಿಮೆ ಅವೇ, ಮೂರನೇ ಸ್ಲಾಟಿಗೆ ಹಸಿರು ಅಂತ ಹೇಳಿದರೆ ಆಯಿತು. ಹಸಿರು ದೀಪಕ್ಕೆ ಮಾತ್ರ 5 ವೋಲ್ಟ್ ಬೇಕು. ಪವರ್ ಬ್ಯಾಂಕ್ ಇದ್ದದ್ದರಿಂದ ಅದು ತೊಂದರೆ ಆಗಲಿಲ್ಲ. ಈಗ ಮುಂಗೈ ಮೇಲೂ ಅಲೆ ಕಂಡಿತು.

ಕಟ್ಟುವ ಬಿಗಿಯೂ ಒಂದು ಕಲೆ. ಸಡಿಲ ಆದರೆ ಸಂದಿಯಿಂದ ಬೆಳಕು ನುಗ್ಗುತ್ತದೆ. ಬಿಗಿ ಜಾಸ್ತಿ ಆದರೆ ಚರ್ಮದ ಕೆಳಗಿನ ಸಣ್ಣ ನಾಳಗಳು ಒತ್ತಿಹೋಗಿ ಅಲೆ ಚಪ್ಪಟೆ ಆಗುತ್ತದೆ. ಬ್ಯಾಂಡೇಜಿನ ಕೆಳಗೆ ಕಿರುಬೆರಳು ಕಷ್ಟಪಟ್ಟು ತೂರುವಷ್ಟು ಬಿಗಿ ನನಗೆ ಸರಿಹೋಯಿತು. ಅವ್ವನ ಕೈಯಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಗಾಜಿನ ಬಳೆಗಳು ಜಾರಿ ಬಂದು ವಾಚಿನ ಅಂಚಿಗೆ ತಾಗಿ ಅದನ್ನು ಒಂದು ಕಡೆ ಎತ್ತುತ್ತಿದ್ದವು. ಕೈ ಇಳಿಬಿಟ್ಟಾಗಲೆಲ್ಲ ವಾಚಿನ ಕೆಳಗೆ ಹಸಿರು ಬೆಳಕಿನ ಗೆರೆ ಕಾಣುತ್ತಿತ್ತು. ಒಳಗಿನ ಬೆಳಕು ಹೊರಗೆ ಬರುತ್ತಿದೆ ಅಂದರೆ ಹೊರಗಿನದು ಒಳಗೆ ಹೋಗುತ್ತಿದೆ ಅಂತಲೇ ಅರ್ಥ ಅಲ್ವಾ? ವಾಚನ್ನು ಬಳೆಗಳಿಗಿಂತ ಎರಡು ಬೆರಳು ಮೇಲೆ, ಮೊಳಕೈ ಕಡೆಗೆ ಸರಿಸಿದೆ. ಕೂತಲ್ಲಿ ಬರುತ್ತಿದ್ದ ಸಣ್ಣಪುಟ್ಟ ತಪ್ಪುಗಳು ಅಷ್ಟಕ್ಕೇ ನಿಂತವು. ರೊಟ್ಟಿಯ 139 ಮಾತ್ರ ಹಾಗೇ ಉಳಿಯಿತು.

ಅಲೆಯಿಂದ ಅಂಕಿ ತೆಗೆಯುವುದು ಹೀಗೆ. ಸೆಕೆಂಡಿಗೆ 100 ಸಲ ಬೆಳಕು ಅಳೆಯುತ್ತೇನೆ. ನಿಧಾನವಾಗಿ ಬದಲಾಗುವ ದೊಡ್ಡ ಭಾಗವನ್ನು ಕಳೆಯುತ್ತೇನೆ. ಸೆಕೆಂಡಿಗೆ ಅರ್ಧದಿಂದ ನಾಲ್ಕು ಸಲ ಏರಿಳಿಯುವುದನ್ನು ಮಾತ್ರ ಉಳಿಸುತ್ತೇನೆ, ಅಂದರೆ ನಿಮಿಷಕ್ಕೆ 30ರಿಂದ 240. ಶಿಖರಗಳನ್ನು ಗುರುತಿಸಿ, ಎರಡು ಶಿಖರಗಳ ನಡುವೆ ಎಷ್ಟು ಮಿಲಿಸೆಕೆಂಡ್ ಅಂತ ನೋಡಿ, 60,000ವನ್ನು ಅದರಿಂದ ಭಾಗಿಸುತ್ತೇನೆ. ನಡುವೆ 830 ಇದ್ದರೆ 72.

ಇದು ಕಾಗದದ ಮೇಲೆ ಸುಲಭ. ಕಾರ್ಡಿಗೆ ಬರೆಯಲು ಶುರು ಮಾಡಿದ ಮೇಲೆ ಸುಮ್ನೆ ಕೂತ ನನ್ನ ನಾಡಿಯೇ ಆಗಾಗ 72ರಿಂದ 81ಕ್ಕೆ ಜಿಗಿಯತೊಡಗಿತು. ಒಂದೇ ಒಂದು ಬಡಿತ, ಮತ್ತೆ 72. ನನ್ನ ಎದೆಯೇ ತಪ್ಪುತ್ತಿದೆಯೋ ಅಂತ ಒಂದು ಕ್ಷಣ ನನಗೂ ಅನ್ನಿಸಿತು, ಅವ್ವನ ಹೆದರಿಕೆ ಅರ್ಥ ಆಯಿತು. ನೋಡಿದರೆ ದೋಷ ಮೆಮೊರಿ ಕಾರ್ಡಿನದು. ಕಾರ್ಡ್ ಬರೆಯುತ್ತ ಬರೆಯುತ್ತ ಒಮ್ಮೊಮ್ಮೆ ಒಳಗಿನ ಕೆಲಸಕ್ಕೆ ನಿಂತುಬಿಡುತ್ತದೆ. ನನ್ನದು 410 ಮಿಲಿಸೆಕೆಂಡ್ ನಿಂತಿತ್ತು. ಸೆನ್ಸರಿನ ಒಳಗಿನ ಬುಟ್ಟಿಯಲ್ಲಿ 32 ಅಳತೆ ಹಿಡಿಯುತ್ತವೆ, ಅಂದರೆ 320 ಮಿಲಿಸೆಕೆಂಡ್. ಮಿಕ್ಕ 90 ಮಿಲಿಸೆಕೆಂಡಿನ 9 ಅಳತೆ ಚೆಲ್ಲಿಹೋದವು. ನಾನು ಅಳತೆಗಳನ್ನು ಎಣಿಸಿ ಸಮಯ ಲೆಕ್ಕ ಹಾಕುತ್ತಿದ್ದೆ, ಹಾಗಾಗಿ 830 ಇದ್ದದ್ದು 740 ಅಂತ ಕಂಡಿತು. ಎಷ್ಟು ಚೆಲ್ಲಿತು ಅಂತ ಚಿಪ್ಪೇ 05ನೇ ರಿಜಿಸ್ಟರಿನಲ್ಲಿ ಬರೆದಿಡುತ್ತದೆ, ನಾನು ಅದನ್ನು ಓದಿರಲಿಲ್ಲ. ಇಎಸ್‌ಪಿ32ಗೆ ಎರಡು ಕೋರ್ ಇವೆ. ಒಂದಕ್ಕೆ ಬರೀ ಓದುವ ಕೆಲಸ, ಇನ್ನೊಂದಕ್ಕೆ ಬರೆಯುವ ಕೆಲಸ ಕೊಟ್ಟು, ನಡುವೆ 4,096 ಬೈಟಿನ ಎರಡು ಡಬ್ಬಿ ಇಟ್ಟೆ. ಒಂದು ತುಂಬುವಾಗ ಇನ್ನೊಂದು ಖಾಲಿ ಆಗುತ್ತದೆ. ಪ್ರತಿ ಸಾಲಿಗೂ ಗಡಿಯಾರದ ಸಮಯ ಸೇರಿಸಿದೆ. ಆಮೇಲೆ ಒಂದು ಅಳತೆಯೂ ಚೆಲ್ಲಿಲ್ಲ.

ನನ್ನ ಪೆಟ್ಟಿಗೆ ಸರಿಯೋ ತಪ್ಪೋ ಅಂತ ನೋಡಲು ಬೇರೆಯೇ ದಾರಿಯ ಅಳತೆ ಬೇಕಿತ್ತು. ಅದಕ್ಕೆ ಎದೆಪಟ್ಟಿ. ಇದರಲ್ಲಿ ಬೆಳಕಿಲ್ಲ. ಎದೆ ಬಡಿಯುವಾಗ ಹುಟ್ಟುವ ವಿದ್ಯುತ್ತನ್ನೇ ಚರ್ಮದ ಮೇಲೆ ಹಿಡಿಯುತ್ತದೆ, ಇಸಿಜಿ ಹಾಗೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದ ಇಂಥ ಪಟ್ಟಿಯನ್ನು ಕೈಗಡಿಯಾರದ ಜೊತೆ ಮಾರುಕಟ್ಟೆಗೆ ತಂದಿತು. ಈಗಿನ ಪಟ್ಟಿಗಳು ಬ್ಲೂಟೂತಿನಲ್ಲಿ ಎಲ್ಲರಿಗೂ ಒಂದೇ ಭಾಷೆಯಲ್ಲಿ ಮಾತಾಡುತ್ತವೆ. 180ಡಿ ಅನ್ನುವ ಸೇವೆ, ಅದರೊಳಗೆ 2ಎ37 ಅನ್ನುವ ಕಂತೆ. ಮೊದಲ ಬೈಟಿನಲ್ಲಿ ಮುಂದೆ ಏನೇನಿದೆ ಅನ್ನುವ ಗುರುತು, ಆಮೇಲೆ ನಿಮಿಷದ ಬಡಿತ, ಆಮೇಲೆ ಬಡಿತ ಬಡಿತದ ನಡುವಿನ ಸಮಯ. ಆ ಸಮಯ ಇರುವುದು ಮಿಲಿಸೆಕೆಂಡಿನಲ್ಲಿ ಅಲ್ಲ, ಸೆಕೆಂಡಿನ 1024ನೇ ಒಂದು ಭಾಗದಲ್ಲಿ. 653 ಅಂತ ಬಂದರೆ 638 ಮಿಲಿಸೆಕೆಂಡ್, ಅಂದರೆ ನಿಮಿಷಕ್ಕೆ 94. ಎದೆಪಟ್ಟಿಯ ಒಳಮೈಯನ್ನು ನೀರಿನಲ್ಲಿ ಒದ್ದೆ ಮಾಡಿ ಕಟ್ಟಬೇಕು, ಒಣಗಿದ್ದರೆ ಏನೂ ಬರುವುದಿಲ್ಲ.

ಒಂದು ಭಾನುವಾರ ಎಲ್ಲ ಸೇರಿಸಿದೆವು. ತಂಗಿ ಅವ್ವನಿಗೆ ಎದೆಪಟ್ಟಿ ಕಟ್ಟಿದಳು. ಬಲಗೈಗೆ ವಾಚ್, ಅದಕ್ಕಿಂತ ಮೇಲೆ ಮೊಳಕೈ ಕಡೆಗೆ ನನ್ನ ಸೆನ್ಸರ್, ತಂತಿ ರವಿಕೆಯ ತೋಳಿನ ಉದ್ದಕ್ಕೂ ಹೋಗಿ ಸೊಂಟಕ್ಕೆ ಸಿಕ್ಕಿಸಿದ ಪೆಟ್ಟಿಗೆಗೆ. ಶುರುವಿನಲ್ಲಿ ಸೆನ್ಸರ್ ಮೇಲೆ ಮೂರು ಸಲ ಬೆರಳಿನಿಂದ ತಟ್ಟಿಸಿ, ಅದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ಆಮೇಲೆ ವಿಡಿಯೋ ಮತ್ತು ದಾಖಲೆಯನ್ನು ಸಾಲು ಹೊಂದಿಸಲು ಆ ಮೂರು ಗುರುತು ಬೇಕು.

ಅವ್ವ ಹಿಟ್ಟು ನಾದಿ, ಉಂಡೆ ಕಟ್ಟಿ, ಹಿಟ್ಟು ಉದುರಿಸಿ ಬಡಿಯಲು ಕೂತಳು. ಎಡಗೈ ರೊಟ್ಟಿಯನ್ನು ತಿರುಗಿಸುತ್ತದೆ, ಬಲಗೈ ಬಡಿಯುತ್ತದೆ. ಚಿಕ್ಕಂದಿನಿಂದ ಕೇಳಿದ ಆ ಟಪ ಟಪ ಸದ್ದು ಎಷ್ಟು ಒಂದೇ ಸಮ ಇದೆ ಅನ್ನುವುದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ಎಣಿಸಿದೆ. 20 ಸೆಕೆಂಡಿಗೆ 46 ಬಡಿತ. ನಿಮಿಷಕ್ಕೆ 138.

ಅವತ್ತು ವಾಚ್ ತೋರಿಸಿದ್ದು 137ರಿಂದ 140. ಎದೆಪಟ್ಟಿ 94.

ಗ್ರಾಫ್ ಹಾಕಿ ಅವ್ವನ ಮುಂದೆ ಲ್ಯಾಪ್‌ಟಾಪ್ ಇಟ್ಟೆ. ಮೇಲಿನ ಗೆರೆ ಕೈಯ ಅಲುಗಾಟ, ಕೆಳಗಿನದು ಹಸಿರು ಬೆಳಕು. ಪ್ರತಿ ತಟ್ಟಿಗೂ ಮೇಲೆ ಒಂದು ಮುಳ್ಳು, ಅದರ ನೇರ ಕೆಳಗೆ ಬೆಳಕಿನಲ್ಲೂ ಒಂದು ಗುಡ್ಡ. ತಟ್ಟಿದಾಗಲೆಲ್ಲ ಮುಂಗೈಯ ರಕ್ತ ಕುಲುಕುತ್ತದೆ, ಸೆನ್ಸರ್ ಕೂದಲೆಳೆಯಷ್ಟು ಸರಿಯುತ್ತದೆ. ನಾಡಿ ಇರುವುದೇ ನೂರಕ್ಕೆ ಒಂದು ಪಾಲು, ಆ ಕೂದಲೆಳೆ ಅದನ್ನು ಮುಚ್ಚಿಹಾಕಲು ಸಾಕು. 8 ಸೆಕೆಂಡಿನ ತುಂಡು ತೆಗೆದುಕೊಂಡು ಯಾವ ವೇಗದ ಏರಿಳಿತ ಎಷ್ಟು ಜೋರು ಅಂತ ಬಿಡಿಸಿ ನೋಡಿದೆ. ಎಲ್ಲಕ್ಕಿಂತ ಎತ್ತರದ ಶಿಖರ 138ರ ಹತ್ತಿರ. 94ರ ಹತ್ತಿರ ಇನ್ನೊಂದು, ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಎತ್ತರ. ನಾಡಿ ಅಲ್ಲೇ ಇತ್ತು. ವಾಚ್ ಎತ್ತರ ಇದ್ದದ್ದನ್ನು ಆರಿಸಿಕೊಂಡಿತ್ತು.

"ಅಂದ್ರ ಇದು ನನ್ನ ಎದಿ ಅಲ್ಲ, ನನ್ನ ಕೈ" ಅಂದಳು ಅವ್ವ. ಹೌದು, ಅಷ್ಟೇ.

ಮುಂದಿನ ವಾರ ವಾಚನ್ನು ಎಡಗೈಗೆ ಬದಲಿಸಿದೆವು. ಹೆಚ್ಚಿನ ಹೊತ್ತು 95ರಿಂದ 102ರ ನಡುವೆ ನಿಂತಿತು. ಆಗಾಗ ಜಿಗಿಯುತ್ತದೆ, ಆದರೆ ಮೊದಲಿನ ಹಾಗೆ ಹತ್ತು ನಿಮಿಷ ಅಲ್ಲೇ ಕೂರುವುದಿಲ್ಲ.

ಕೈಯ ಅಲುಗಾಟ ಗೊತ್ತಿದ್ದರೆ ಅದನ್ನು ಕಳೆದುಬಿಡಬಹುದಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ನಾನೂ ಅದನ್ನೇ ಮಾಡಿದೆ. ಎಂಪಿಯು ತೋರಿಸುವ ವೇಗದ ಸುತ್ತಮುತ್ತ ಇರುವ ಶಿಖರವನ್ನು ಅಳಿಸಿ, ಮಿಕ್ಕವುಗಳಲ್ಲಿ ಎತ್ತರದ್ದನ್ನು ಆರಿಸಿದೆ. ರೊಟ್ಟಿಯ ದಾಖಲೆಯಲ್ಲಿ 91ರಿಂದ 97 ಬಂತು, ಬಹಳ ಖುಷಿ ಆಯಿತು. ಇದನ್ನು ಗಟ್ಟಿಯಾಗಿ ಪರೀಕ್ಷೆ ಮಾಡಬೇಕು ಅಂತ ಒಂದು ದಿನ ನಸುಕಿನಲ್ಲೇ ಬೈಕ್ ಹತ್ತಿ ಆನೆಗೊಂದಿ ಹತ್ತಿರದ ಅಂಜನಾದ್ರಿಗೆ ಹೋದೆ. 575 ಮೆಟ್ಟಿಲು. ಬಿಸಿಲೇರುವ ಮೊದಲು ಹತ್ತಲು ಶುರು ಮಾಡಿದೆ, ಎದೆಪಟ್ಟಿ, ಪೆಟ್ಟಿಗೆ, ವಾಚ್ ಎಲ್ಲ ಕಟ್ಟಿಕೊಂಡು.

ಹತ್ತುವಾಗ ನನ್ನ ಹೆಜ್ಜೆ ನಿಮಿಷಕ್ಕೆ 115ರ ಹತ್ತಿರ. ಎದೆ 88ರಿಂದ ಶುರುವಾಗಿ 155ರವರೆಗೆ ಏರಿತು. ಏರುವ ದಾರಿಯಲ್ಲಿ ಅದು 115ನ್ನು ದಾಟಲೇಬೇಕು. ಅಲ್ಲಿ ಹೆಜ್ಜೆ ಮತ್ತು ನಾಡಿ ಒಂದೇ ವೇಗ. ಹೆಜ್ಜೆಯನ್ನು ಅಳಿಸಲು ಹೋದ ನನ್ನ ಲೆಕ್ಕ ನಾಡಿಯನ್ನೂ ಅಳಿಸಿಬಿಟ್ಟಿತು, ಸುಮಾರು 40 ಸೆಕೆಂಡ್ ಏನೇನೋ ಅಂಕಿ. 8 ಸೆಕೆಂಡಿನ ತುಂಡಿನಲ್ಲಿ ನಿಮಿಷಕ್ಕೆ 7.5ಕ್ಕಿಂತ ಹತ್ತಿರ ಇರುವ ಎರಡು ವೇಗಗಳು ಬೇರೆಬೇರೆ ಕಾಣುವುದೇ ಇಲ್ಲ. ತುಂಡು ಉದ್ದ ಮಾಡಿದರೆ ಕಾಣುತ್ತವೆ, ಆದರೆ ಅಷ್ಟು ಹೊತ್ತಿಗೆ ಎದೆಯ ವೇಗವೇ ಬದಲಾಗಿರುತ್ತದೆ. ವಾಚ್ ಕೂಡ ಅಲ್ಲಿ ತಡಬಡಿಸಿತು, ಮೇಲಕ್ಕೆ ಬಂದಮೇಲೆ ಎದೆಪಟ್ಟಿಯ ಅಂಕಿ ಹಿಡಿಯಲು ಒಂದು ನಿಮಿಷದ ಮೇಲೆ ಬೇಕಾಯಿತು. ಕಂಬಿ ಗಟ್ಟಿಯಾಗಿ ಹಿಡಿದು ಹತ್ತಿದ ಕಡೆಯೆಲ್ಲ ಬೆಳಕಿನ ಗೆರೆ ಕಲಕಿಹೋಗಿದೆ. ಮುಷ್ಟಿ ಬಿಗಿ ಮಾಡಿದರೆ ಮುಂಗೈಯ ಸ್ನಾಯು ಸೆನ್ಸರನ್ನು ಎತ್ತುತ್ತದೆ. ಮೇಲೆ ಗುಡಿಯ ಮುಂದೆ ಕೂತು ದಣಿವಾರಿಸಿಕೊಳ್ಳುವಾಗ ಬಂದ ಹತ್ತು ನಿಮಿಷದ ದಾಖಲೆ ಮಾತ್ರ ಮೂರರಲ್ಲೂ ಹೆಚ್ಚುಕಡಿಮೆ ಒಂದೇ.

ದಾಖಲೆಯ ಗಾತ್ರದ ಬಗ್ಗೆ ಎರಡು ಮಾತು ಹೇಳಬೇಕು, ನನಗೆ ಇದು ಬಹಳ ಮುಖ್ಯ ಅನ್ನಿಸಿದೆ. ನನ್ನ ಪೆಟ್ಟಿಗೆಯ ಒಂದು ಸಾಲು 16 ಬೈಟ್: ಸಮಯ 4, ಹಸಿರು 3, ಇನ್‌ಫ್ರಾರೆಡ್ 3, ಅಲುಗಾಟ 6. ಗಂಟೆಗೆ 5.76 ಮೆಗಾಬೈಟ್, ದಿನಕ್ಕೆ 138. ಬಡಿತದ ನಡುವಿನ ಸಮಯ ಮಾತ್ರ ಇಟ್ಟರೆ, ನಿಮಿಷಕ್ಕೆ 72ರಂತೆ ದಿನಕ್ಕೆ 1,03,680 ಬಡಿತ, ಒಂದಕ್ಕೆ ಎರಡು ಬೈಟ್, ಸುಮಾರು 207 ಕಿಲೋಬೈಟ್. ಅವ್ವನ ವಾಚಿನ ಆ್ಯಪ್ ಉಳಿಸಿಕೊಂಡಿದ್ದು ನಿಮಿಷಕ್ಕೊಂದು ಅಂಕಿ, ದಿನಕ್ಕೆ 1,440. ಆ ಅಂಕಿಯಲ್ಲಿ ತಟ್ಟಿನ ಗುರುತಿಲ್ಲ, ಬಳೆಯ ಗುರುತಿಲ್ಲ, ಎತ್ತರ ಕಡಿಮೆ ಇದ್ದ 94ರ ಗುರುತೂ ಇಲ್ಲ. ಸಂಜೆ ಆ್ಯಪ್ ತೆರೆದು ನೋಡಿದರೆ ಬೆಳಿಗ್ಗೆ ಏಳೂವರೆಗೆ 139 ಅಂತ ಒಂದು ಕೆಂಪು ಕಡ್ಡಿ ನಿಂತಿರುತ್ತದೆ. ಅದನ್ನು ನೋಡಿ ಹೆದರಿದವರನ್ನು ದಡ್ಡರು ಅನ್ನಲಾಗದು. ಹೀಗೆ ಹೆದರಿದವರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಮೊದಲು ಕೈ ಹಿಡಿದು 15 ಸೆಕೆಂಡ್ ಎಣಿಸಿ. ಎದೆನೋವು, ಉಸಿರಾಟದ ಕಷ್ಟ, ತಲೆಸುತ್ತು ಇದ್ದರೆ ಎಣಿಸುತ್ತ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಪೆಟ್ಟಿಗೆ ಈಗ ಒಂದು ಹಳೆಯ ಕುಂಕುಮದ ಡಬ್ಬಿಯಲ್ಲಿದೆ. ಕ್ರೇಪ್ ಬ್ಯಾಂಡೇಜ್ ಬೆವರಿಗೆ ಸಡಿಲ ಆಗುತ್ತದೆ, ವೆಲ್ಕ್ರೋ ಪಟ್ಟಿ ಹೊಲಿಸಬೇಕು. ಅವ್ವ ಈಗ ರೊಟ್ಟಿಗೆ ಕೂರುವ ಮುಂಚೆ ವಾಚ್ ಬಿಚ್ಚಿ ಕಿಟಕಿಯಲ್ಲಿಡುತ್ತಾಳೆ. ಮೊನ್ನೆ ಅಪ್ಪ ಮಗ್ಗದ ಮುಂದೆ ಕೂತವರು ನನ್ನನ್ನು ಕರೆದು, ಲಾಳಿ ಎಳೆಯುವ ಕೈಗೂ ಅದನ್ನೊಮ್ಮೆ ಕಟ್ಟಿ ನೋಡು ಅಂದರು. ಬರುವ ಭಾನುವಾರ ಕಟ್ಟಬೇಕು. ಅವರು ಎರಡೂ ಕೈ ಆಡಿಸುತ್ತಾರೆ, ಈ ಸಲ ಸೆನ್ಸರನ್ನು ಕಿವಿಯ ಹಾಲೆಗೆ ಹಚ್ಚುವ ಚಿಮಟಿ ಮಾಡಿಕೊಳ್ಳುತ್ತಿದ್ದೇನೆ.